ಕೆನಡಾದ ಪಿಆರ್ ಇಟ್ಟುಕೊಂಡು ಅಮೆರಿಕದಲ್ಲಿ ಟಿಎನ್ ಮೇಲೆ ಕೆಲಸ ಮಾಡಬಹುದೇ? ಸಿಟಿಜನ್‌ಶಿಪ್‌ಗೆ ಯಾವಾಗ ಅರ್ಜಿ ಹಾಕಬೇಕು?

ಪಿಆರ್ (ಕೆನಡಾದಲ್ಲಿ ಕಾಯಂ ವಾಸದ ಹಕ್ಕು) ಮೇಲೆ ಟಿಎನ್ (ಕೆಲವು ವೃತ್ತಿಗಳವರಿಗೆ ಅಮೆರಿಕ ಕೊಡುವ ಕೆಲಸದ ಪರವಾನಗಿ) ಸಿಗುವುದಿಲ್ಲ. ನೀವು ವಿಂಡ್ಸರ್‌ನಲ್ಲಿದ್ದೀರಿ, ಕೈಯಲ್ಲಿರುವುದು ಭಾರತದ ಪಾಸ್‌ಪೋರ್ಟ್ ಮತ್ತು ಪಿಆರ್ ಕಾರ್ಡ್, ನದಿಯಾಚೆಯ ಡೆಟ್ರಾಯಿಟ್ ಕಂಪನಿ ಕೆಲಸ ಕೊಡಲು ತಯಾರಿದೆ ಎಂದು ಬರೆದಿದ್ದೀರಿ. ಟಿಎನ್ ಇರುವುದು ಕೆನಡಾ ಮತ್ತು ಮೆಕ್ಸಿಕೊ ದೇಶಗಳ ನಾಗರಿಕರಿಗೆ ಮಾತ್ರ. ಈ ಮೂರು ದೇಶಗಳ ನಡುವಿನ 1994ರ ವ್ಯಾಪಾರ ಒಪ್ಪಂದ ನಾಫ್ಟಾದಲ್ಲೂ ಹಾಗೇ ಇತ್ತು, ಅದರ ಬದಲಿಗೆ 2020ರ ಜುಲೈ 1ರಿಂದ ಜಾರಿಯಲ್ಲಿರುವ ಒಪ್ಪಂದದಲ್ಲೂ ಹಾಗೇ ಇದೆ. ಪಿಆರ್ ಇರುವವರೆಗೆ ಅಮೆರಿಕದ ಲೆಕ್ಕದಲ್ಲಿ ನೀವು ಬೆಂಗಳೂರಿನಿಂದ ಅರ್ಜಿ ಹಾಕುವವರ ಹಾಗೆಯೇ: ಎಚ್-1ಬಿ ಕೆಲಸದ ವೀಸಾದ ಲಾಟರಿ, ಇಲ್ಲವೇ ಕಂಪನಿ ತನ್ನದೇ ಅಮೆರಿಕದ ಶಾಖೆಗೆ ವರ್ಗ ಮಾಡುವವರಿಗಿರುವ ಎಲ್-1.

ಹಾಗಾಗಿ ಮೊದಲು ದಿನಗಳ ಲೆಕ್ಕ. ಸಿಟಿಜನ್‌ಶಿಪ್ ಅರ್ಜಿಗೆ ಸಹಿ ಹಾಕುವ ದಿನದಿಂದ ಹಿಂದಿನ 5 ವರ್ಷಗಳಲ್ಲಿ 1,095 ದಿನ ಕೆನಡಾದ ನೆಲದ ಮೇಲೆ ಇದ್ದಿರಬೇಕು. ಪಿಆರ್ ಬರುವ ಮುಂಚೆ ಸ್ಟಡಿ ಅಥವಾ ವರ್ಕ್ ಪರ್ಮಿಟ್ ಮೇಲೆ ಕಳೆದ ಪ್ರತಿ ದಿನಕ್ಕೆ ಅರ್ಧ ದಿನ ಸಿಗುತ್ತದೆ, ಗರಿಷ್ಠ 365. ಅಂದರೆ ಆ 5 ವರ್ಷದೊಳಗೆ ಪರ್ಮಿಟ್ ಮೇಲೆ 730 ದಿನ ಇದ್ದವರಿಗೆ ಪಿಆರ್ ಆದಮೇಲೆ ಇನ್ನು 730 ದಿನ ಸಾಕು. ಆದರೆ ತಡಮಾಡಿದಷ್ಟೂ ಹಳೆಯ ಪರ್ಮಿಟ್ ದಿನಗಳು 5 ವರ್ಷದ ಗಡಿಯಿಂದ ಆಚೆ ಬೀಳುತ್ತಾ ಹೋಗುತ್ತವೆ. ಊರಿಗೆ ಹೋಗಿಬಂದಾಗ ಹೊರಟ ದಿನ, ವಾಪಸ್ ಬಂದ ದಿನ ಎರಡೂ ಕೆನಡಾದ ದಿನಗಳೇ. ನಡುವಿನವು ಮಾತ್ರ ಕಳೆಯುತ್ತವೆ.

ಇಲ್ಲಿ ಬಹಳ ಜನ ಎಡವುವುದು ಎರಡು ನಿಯಮಗಳನ್ನು ಬೆರೆಸಿ. ಪಿಆರ್ ಉಳಿಸಿಕೊಳ್ಳಲು 5 ವರ್ಷದಲ್ಲಿ 730 ದಿನ ಬೇಕು, ಅದರಲ್ಲಿ ಕೆನಡಾದ ಕಂಪನಿ ನಿಮ್ಮನ್ನು ಹೊರದೇಶಕ್ಕೆ ಕಳಿಸಿದ ದಿನಗಳನ್ನೂ ಸೇರಿಸಬಹುದು. ಸಿಟಿಜನ್‌ಶಿಪ್‌ನ 1,095ಕ್ಕೆ ಆ ದಿನಗಳು ಸೇರುವುದಿಲ್ಲ. ಟೊರಾಂಟೊ ಕಂಪನಿಯ ಸಂಬಳ ಪಡೆಯುತ್ತಾ ಮೈಸೂರಿನ ಮನೆಯಲ್ಲಿ ಕೂತು ಕೆಲಸ ಮಾಡಿದ ದಿನಗಳೂ ಸೇರುವುದಿಲ್ಲ. ಒಂದು ದಿನ ಕಡಿಮೆಯಾದರೂ ಅರ್ಜಿ ಒಪ್ಪಿಗೆಯಾಗುವುದಿಲ್ಲ. 1,095 ತುಂಬಿದ ಮರುದಿನವೇ ಕಳಿಸಬೇಡಿ, ಎರಡು-ಮೂರು ವಾರ ಹೆಚ್ಚಿಗೆ ಇಟ್ಟುಕೊಳ್ಳಿ ಎನ್ನುವುದು ನನ್ನ ಸಲಹೆ. ಪಾಸ್‌ಪೋರ್ಟಿನ ಮುದ್ರೆಗಳನ್ನೇ ನಂಬದೆ ಟಿಕೆಟ್, ಬೋರ್ಡಿಂಗ್ ಪಾಸ್ ಜೊತೆ ತಾಳೆ ನೋಡಿ.

ಉಳಿದದ್ದು ಸುಲಭ. 5 ವರ್ಷದಲ್ಲಿ ಕನಿಷ್ಠ 3 ವರ್ಷ ತೆರಿಗೆ ರಿಟರ್ನ್ ಸಲ್ಲಿಸಿರಬೇಕು, 18ರಿಂದ 54 ವಯಸ್ಸಿನವರಿಗೆ ಭಾಷೆಯ ಪುರಾವೆ ಮತ್ತು 20 ಪ್ರಶ್ನೆಗಳ ಪರೀಕ್ಷೆ, 15 ಸರಿಯಾಗಬೇಕು. ದೊಡ್ಡವರಿಗೆ ಶುಲ್ಕ ಸುಮಾರು 650 ಡಾಲರ್. ಅರ್ಜಿ ಹಾಕಿದ ಮೇಲೂ ಪ್ರಮಾಣವಚನದ ದಿನದವರೆಗೆ ಪಿಆರ್ ನಿಯಮ ಪಾಲಿಸಲೇಬೇಕು.

ಪ್ರಮಾಣವಚನ ತೆಗೆದುಕೊಂಡ ಕ್ಷಣಕ್ಕೆ ನಿಮ್ಮ ಭಾರತೀಯ ಪೌರತ್ವ ಮುಗಿಯುತ್ತದೆ. 1955ರ ಪೌರತ್ವ ಕಾಯ್ದೆಯ 9ನೇ ಕಲಂ ಹೇಳುವುದು ಅದನ್ನೇ. ಅದಾದಮೇಲೆ ಹಳೆಯ ಪಾಸ್‌ಪೋರ್ಟ್ ತೋರಿಸಿ ಭಾರತಕ್ಕೆ ಹೋಗುವುದು ಅಪರಾಧ. ಪಿಆರ್ ಕಾರ್ಡ್ ಕೂಡ ಆ ದಿನವೇ ಕೆಲಸಕ್ಕೆ ಬಾರದಂತಾಗುತ್ತದೆ. ಮೊದಲು ಕೆನಡಾ ಪಾಸ್‌ಪೋರ್ಟ್, ಆಮೇಲೆ ಭಾರತೀಯ ಪಾಸ್‌ಪೋರ್ಟ್ ಸರೆಂಡರ್, ಆಮೇಲೆ ಒಸಿಐ (ವಿದೇಶಿ ಪೌರರಾದ ಭಾರತ ಮೂಲದವರಿಗೆ ಭಾರತ ಕೊಡುವ ಕಾರ್ಡ್). ಈ ತಿಂಗಳುಗಳಲ್ಲಿ ಮನೆಯಲ್ಲಿ ಮದುವೆ, ಗೃಹಪ್ರವೇಶ ಇದ್ದರೆ ಮೊದಲೇ ಲೆಕ್ಕ ಹಾಕಿಕೊಳ್ಳಿ. ಮುಂದೆ ಊರಿಗೆ ಮರಳಿ ತೋಟ ಕೊಳ್ಳುವ ಆಸೆಯಿದ್ದರೂ ಈಗಲೇ ಯೋಚಿಸಬೇಕು: ಒಸಿಐ ಇರುವವರು ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ. ಅಪ್ಪ-ಅಮ್ಮನಿಂದ ಬಂದದ್ದನ್ನು ಇಟ್ಟುಕೊಳ್ಳಬಹುದು.

ಇನ್ನು ಟಿಎನ್. ಕೆನಡಾದ ನಾಗರಿಕರಿಗೆ ವೀಸಾ ಸ್ಟಾಂಪಿಂಗ್ ಬೇಕಿಲ್ಲ. ಅಂಬಾಸಡರ್ ಸೇತುವೆಯಂಥ ಗಡಿ ಠಾಣೆಯಲ್ಲಿ ಪಾಸ್‌ಪೋರ್ಟ್, ಪದವಿ ಪತ್ರ, ಕಂಪನಿಯ ಪತ್ರ ಕೊಟ್ಟರೆ ಅಲ್ಲೇ ತೀರ್ಮಾನ. ಒಮ್ಮೆಗೆ 3 ವರ್ಷದವರೆಗೆ ಸಿಗುತ್ತದೆ, ಮತ್ತೆ ಮತ್ತೆ ಪಡೆಯಬಹುದು. ಎಲ್ಲವೂ ನಿಂತಿರುವುದು ಆ ಪತ್ರದ ಮೇಲೆ. ಒಪ್ಪಂದದ ಪಟ್ಟಿಯಲ್ಲಿರುವ ಯಾವ ವೃತ್ತಿ, ದಿನನಿತ್ಯ ಮಾಡುವ ಕೆಲಸವೇನು, ಎಷ್ಟು ಅವಧಿ, ಎಷ್ಟು ಸಂಬಳ, ನಿಮ್ಮ ಪದವಿ ಅದಕ್ಕೆ ಹೇಗೆ ಹೊಂದುತ್ತದೆ, ಇಷ್ಟೂ ಇರಬೇಕು. ‘ಕಂಪ್ಯೂಟರ್ ಸಿಸ್ಟಮ್ಸ್ ಅನಲಿಸ್ಟ್’ ಪಟ್ಟಿಯಲ್ಲಿದೆ, ‘ಪ್ರೋಗ್ರಾಮರ್’ ಇಲ್ಲ. ಪತ್ರದ ತುಂಬ ಕೋಡಿಂಗ್ ಕೆಲಸವನ್ನೇ ಬರೆದು ಮೇಲೆ ಅನಲಿಸ್ಟ್ ಎಂದು ಹಾಕಿದರೆ ಅಧಿಕಾರಿ ವಾಪಸ್ ಕಳಿಸುತ್ತಾರೆ. ವಿಟಿಯುನ ಬಿ.ಇ. ಆಗಲಿ, ಮೂರು ವರ್ಷದ ಬಿಸಿಎ ಆಗಲಿ, ಅದು ಅಮೆರಿಕದ ಯಾವ ಪದವಿಗೆ ಸಮ ಎಂಬ ಮೌಲ್ಯಮಾಪನ ವರದಿ ಮಾಡಿಸಿಕೊಂಡೇ ಹೋಗಿ. ಬರೀ ಬಿಸಿಎಗೆ ಪೂರ್ತಿ ಬ್ಯಾಚುಲರ್ ಸಮಾನತೆ ಸಿಗದಿರಬಹುದು. ಮಾರ್ಕ್ಸ್ ಕಾರ್ಡಿನಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅಪ್ಪನ ಪೂರ್ತಿ ಹೆಸರು ಇರುವುದು ನಮ್ಮಲ್ಲಿ ಮಾಮೂಲು. ಎರಡೂ ಒಬ್ಬರದೇ ಎನ್ನುವ ಅಫಿಡವಿಟ್ ಜೊತೆಗಿರಲಿ. ಒಳಗೆ ಬಿಟ್ಟ ಮೇಲೆ ಅಮೆರಿಕ ಪ್ರವೇಶದ ದಾಖಲೆಯಾದ ಐ-94ರಲ್ಲಿ ‘ಟಿಎನ್’ ಎಂದಿದೆಯೇ, ಕೊನೆಯ ದಿನಾಂಕ ಸರಿಯಿದೆಯೇ ಎಂದು ನೋಡಿ. ಪಾಸ್‌ಪೋರ್ಟ್ ಬೇಗ ಮುಗಿಯುವಂತಿದ್ದರೆ ಅವಧಿಯನ್ನು ಅಲ್ಲಿಗೇ ಮೊಟಕು ಮಾಡಿರುತ್ತಾರೆ.

ಟಿಎನ್ ಪಡೆದವರ ಹೆಂಡತಿ ಅಥವಾ ಗಂಡನಿಗೆ ಅವಲಂಬಿತರೆಂದು ಸಿಗುವ ಟಿಡಿಯಲ್ಲಿ ಕೆಲಸ ಮಾಡುವಂತಿಲ್ಲ, ಅವರದು ಇನ್ನೂ ಭಾರತದ ಪಾಸ್‌ಪೋರ್ಟ್ ಆಗಿದ್ದರೆ ಕಾನ್ಸುಲೇಟ್‌ನಲ್ಲಿ ವೀಸಾ ಬೇಕು. ಕೆನಡಾ ನಾಗರಿಕರಾದರೆ ಗ್ರೀನ್ ಕಾರ್ಡ್ ಸರದಿ ಚಿಕ್ಕದಾಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅಲ್ಲಿ ನೋಡುವುದು ಹುಟ್ಟಿದ ದೇಶವನ್ನು, ಹಾಸನದಲ್ಲಿ ಹುಟ್ಟಿದವರು ಭಾರತದ ಸಾಲಿನಲ್ಲೇ ನಿಲ್ಲಬೇಕು.

ವಿಂಡ್ಸರ್‌ನಲ್ಲೇ ಮನೆ ಇಟ್ಟುಕೊಂಡು ದಿನಾ ಓಡಾಡುವುದಾದರೆ ನೀವು ಕೆನಡಾದ ತೆರಿಗೆ ನಿವಾಸಿಯಾಗಿಯೇ ಇರುತ್ತೀರಿ. ಅಮೆರಿಕದ ಫೆಡರಲ್ ತೆರಿಗೆ, ಮಿಶಿಗನ್ ತೆರಿಗೆ, ಡೆಟ್ರಾಯಿಟ್ ನಗರ ಹೊರಗಿನವರಿಗೆ ಹಾಕುವ 1.2% ಇವು ಸಂಬಳದಲ್ಲೇ ಹೋಗುತ್ತವೆ. ಕೆನಡಾದ ರಿಟರ್ನ್‌ನಲ್ಲಿ ಇವಕ್ಕೆ ಕ್ರೆಡಿಟ್ ಸಿಗುತ್ತದೆ, ಆದರೂ ಸಾಮಾನ್ಯವಾಗಿ ಇನ್ನೊಂದಿಷ್ಟು ಕಟ್ಟುವುದು ಉಳಿಯುತ್ತದೆ. ಆ ಬಾಕಿಯನ್ನು ಅಮೆರಿಕದ ಕಂಪನಿ ಹಿಡಿದಿಡುವುದಿಲ್ಲ, ಪ್ರತಿ ತಿಂಗಳು ನೀವೇ ಬೇರೆ ಖಾತೆಗೆ ಎತ್ತಿಡಬೇಕು.