ಬಿಸ್ಕತ್ತಿಗೆ ಅಯ್ಯೋ ಅಂದವರಿಗೆ

ಹೊನ್ನಾವರ ಕಡೆಯವರು, ಈಗ ಹುಬ್ಬಳ್ಳಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಒಂಬತ್ತು ವರ್ಷಗಳಿಂದ ನರ್ಸ್ ಆಗಿರುವವರು ನಮಗೆ ನಾಲ್ಕು ಹಾಳೆಯ ಪತ್ರ ಬರೆದಿದ್ದಾರೆ. ಹೆಸರು ಬೇಡ ಎಂದಿದ್ದಾರೆ, ಹಾಕಿಲ್ಲ. ಪತ್ರದ ಮುಖ್ಯ ಭಾಗ ಇಷ್ಟು:

"ನಸುಕಿನ ನಾಲ್ಕಕ್ಕೆ ಏಳನೇ ಬೆಡ್ಡಿನ ತಾತ ಹೋದರು. ಹನ್ನೊಂದು ದಿನದಿಂದ ನಮ್ಮ ವಾರ್ಡಿನಲ್ಲೇ ಇದ್ದರು. ಡಾಕ್ಟರು ನೋಡಿ ಹೋದ ಮೇಲೆ ಮೂಗಿನ ಟ್ಯೂಬು, ಕ್ಯಾನುಲಾ, ಕ್ಯಾತಿಟರ್ ತೆಗೆದೆ. ಮೈ ಒರೆಸಿದೆ. ಲಾಕರಿನಲ್ಲಿ ಹುಡುಕಿ ಹಲ್ಲಿನ ಸೆಟ್ ಹಾಕಿ ಗಲ್ಲಕ್ಕೆ ಗಾಜ್ ಬಟ್ಟೆ ಕಟ್ಟಿದೆ. ಅಷ್ಟರಲ್ಲಿ ಒಂಬತ್ತನೇ ಬೆಡ್ಡಿನವರು ನೀರು ಕೇಳಿದರು, ಕೊಟ್ಟೆ. ಆರಕ್ಕೆ ಚಹಾ ಕುಡಿಯುವಾಗ ಬಿಸ್ಕತ್ತು ಮುರಿದು ಕಪ್ಪಿನಲ್ಲಿ ಮುಳುಗಿತು. ಅಯ್ಯೋ ಅಂದೆ. ಆಗ ಹೊಳೆಯಿತು ಸರ್, ತಾತ ಹೋದಾಗ ಅಯ್ಯೋ ಅನ್ನಲೇ ಇಲ್ಲ. ಮೊದಲ ವರ್ಷ ಒಂದು ಸಾವು ಕಂಡರೆ ಎರಡು ದಿನ ಊಟ ಸೇರುತ್ತಿರಲಿಲ್ಲ. ನಾನು ಕಲ್ಲಾಗಿಬಿಟ್ಟೆನಾ? ಮನೆಯಲ್ಲಿ ಜರ್ಮನಿಗೆ ಹೋಗುವ ಮಾತು ನಡೆದಿದೆ. ಏಜೆಂಟ್ ಮೂರೂವರೆ ಲಕ್ಷ ಕೇಳುತ್ತಿದ್ದಾನೆ. ನಮ್ಮ ಅತ್ತೆ, 'ಸೇವೆಯ ಕೆಲಸ, ದುಡ್ಡಿನ ಆಸೆಗೆ ಊರು ಬಿಡಬೇಡ' ಅನ್ನುತ್ತಾರೆ. ಕರುಣೆಯೇ ಬತ್ತಿದ ಮೇಲೆ ಎಲ್ಲಿದ್ದರೇನು ಸರ್?"

ಪ್ರಿಯ ಸೋದರಿ,

ದಿನಕ್ಕೆ ನೂರು ಸಲ 'ಸಿಸ್ಟರ್' ಎಂದು ಕೂಗಿಸಿಕೊಳ್ಳುವವರಿಗೆ ನಾನೂ ಹಾಗೇ ಬರೆದರೆ ಕಿರಿಕಿರಿ ಎನ್ನಿಸೀತು. ಹೆಸರು ಬರೆಯುವ ಹಾಗಿಲ್ಲವಲ್ಲ, ಸಹಿಸಿಕೊಳ್ಳಿ.

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ನೀವು ಬಿಸ್ಕತ್ತಿನ ಬಗ್ಗೆ ಅರ್ಧ ಪುಟ ಬರೆದಿದ್ದೀರಿ. ಹಲ್ಲಿನ ಸೆಟ್ ಬಗ್ಗೆ ಮುಕ್ಕಾಲು ಸಾಲು. ನನ್ನ ಕಣ್ಣು ನಿಂತದ್ದು ಆ ಮುಕ್ಕಾಲು ಸಾಲಿನ ಮೇಲೆ. ಜೀವ ಹೋಗಿ ಎರಡು ಮೂರು ತಾಸು ಕಳೆದರೆ ದವಡೆ ಬಿಗಿಯುತ್ತದೆ, ಆಮೇಲೆ ಸೆಟ್ ಕೂರುವುದಿಲ್ಲ, ಬಾಯಿ ಒಳಕ್ಕೆ ಕುಸಿದ ಮುಖವನ್ನೇ ಮನೆಯವರು ನೋಡಬೇಕು. ಇದು ನಿಮಗೆ ಗೊತ್ತಿತ್ತು. ಬೆಳಿಗ್ಗೆ ಊರಿನಿಂದ ಬರುವ ಅವರ ಹೆಂಡತಿಗೆ ಗಂಡನ ಮುಖ ಗುರುತಿನ ಮುಖವಾಗಿಯೇ ಕಾಣಲಿ ಎಂದು ನಸುಕಿನ ನಾಲ್ಕರ ಹೊತ್ತಿಗೆ ಲಾಕರ್ ತಡಕಾಡಿದಿರಿ. ಕಲ್ಲು ಲಾಕರ್ ತಡಕಾಡುವುದಿಲ್ಲ.

ನಮ್ಮಲ್ಲಿ ಕರುಣೆಗೂ ಕಣ್ಣೀರಿಗೂ ಗಂಟು ಹಾಕಿಬಿಟ್ಟಿದ್ದೇವೆ. ನಿಮ್ಮ ಕೆಲಸಕ್ಕೆ ಇರುವ ಪದವನ್ನೇ ನೋಡಿ. ಬಾಯಾರಿಕೆಗೆ ಪಿಪಾಸೆ ಅನ್ನುತ್ತೇವೆ, ಎಂದರೆ ಕುಡಿಯುವ ಆಸೆ. ಜಿಜ್ಞಾಸೆ ಎಂದರೆ ತಿಳಿಯುವ ಆಸೆ. ಅದೇ ಎರಕದಲ್ಲಿ ಹುಟ್ಟಿದ ಇನ್ನೊಂದು ಪದ ಶುಶ್ರೂಷೆ. 'ಶ್ರು' ಎಂದರೆ ಕೇಳು, ಶುಶ್ರೂಷೆ ಎಂದರೆ ಕೇಳುವ ಆಸೆ. ಸೇವೆ, ಉಪಚಾರ ಎಂಬ ಅರ್ಥಗಳೆಲ್ಲ ಅದರ ಮೇಲೆ ಬೆಳೆದವು. ಸರ್ಕಾರಿ ಆಸ್ಪತ್ರೆಗಳ ಬೋರ್ಡಿನಲ್ಲಿ ಈಗ 'ಶುಶ್ರೂಷಾಧಿಕಾರಿ' ಎಂದು ಕಾಣುತ್ತದಲ್ಲ, ಆ ಉದ್ದನೆಯ ಪದದ ಹೊಟ್ಟೆಯೊಳಗೆ ಒಂದು ಕಿವಿ ಇದೆ. ಚರಕ ಸಂಹಿತೆ ಕೂಡ ಪರಿಚಾರಕನಿಗೆ ನಾಲ್ಕು ಗುಣ ಹೇಳುತ್ತದೆ: ಉಪಚಾರ ಬಲ್ಲವನಾಗಿರಬೇಕು, ಕೈ ಚುರುಕಿರಬೇಕು, ಅನುರಾಗ ಇರಬೇಕು, ಶುಚಿಯಾಗಿರಬೇಕು. ಅನುರಾಗ ಪಟ್ಟಿಯಲ್ಲಿದೆ, ಒಪ್ಪಿದೆ. ಆದರೆ ಅಳು ಇಲ್ಲ. ಒಂಬತ್ತನೇ ಬೆಡ್ಡಿನವರು ನೀರು ಕೇಳಿದ್ದು ಆ ಹೊತ್ತಿನಲ್ಲೂ ನಿಮ್ಮ ಕಿವಿಗೆ ಬಿತ್ತಲ್ಲ, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ.

ಇಷ್ಟು ಹೇಳುವ ಯೋಗ್ಯತೆ ನನಗೆ ಹೇಗೆ ಬಂತು ಅಂದರೆ, ಬೈದು ಬಂತು. ಬಹಳ ವರ್ಷದ ಹಿಂದೆ ನಮ್ಮ ತಾಯಿಗೆ ಲಕ್ವ ಹೊಡೆದು ಹತ್ತೊಂಬತ್ತು ದಿನ ಆಸ್ಪತ್ರೆಯಲ್ಲಿದ್ದರು. ಅಲ್ಲಿ ಒಬ್ಬ ಸಿಸ್ಟರ್. ಮುಖದಲ್ಲಿ ನಗುವೂ ಇಲ್ಲ, ಮರುಕವೂ ಇಲ್ಲ. ಡ್ರಿಪ್ ಮುಗಿದು ಕಾಲು ಗಂಟೆಯಾದರೂ ಬರಲಿಲ್ಲ ಎಂದು ಒಂದು ರಾತ್ರಿ ವಾರ್ಡಿನವರೆಲ್ಲ ಏಳುವ ಹಾಗೆ ಕೂಗಾಡಿದೆ. 'ನಿಮ್ಮ ತಾಯಿಯಾಗಿದ್ದರೆ ಹೀಗೆ ಮಾಡ್ತಿದ್ರಾ?' ಎಂಬ ಆ ಹಳೇ ಡೈಲಾಗೂ ಹೊಡೆದೆ. ಅವರು ಬಾಟಲಿ ಬದಲಿಸಿ, ಎದುರು ಮಾತಾಡದೆ, 'ಬನ್ನಿ, ಈ ಕಡೆ ಹಿಡ್ಕೊಳ್ಳಿ' ಅಂದರು. ಅಮ್ಮನಿಗೆ ಎಚ್ಚರವಿರಲಿಲ್ಲ. ಆದರೂ ಅವರ ಕಿವಿಯ ಹತ್ತಿರ ಬಗ್ಗಿ, 'ಅಮ್ಮಾ, ಬಲಕ್ಕೆ ತಿರುಗಿಸ್ತೀನಿ' ಎಂದು ಹೇಳಿದ ಮೇಲೆಯೇ ಮುಟ್ಟಿದರು. ತಿರುಗಿಸಿ, ಮೈಕೆಳಗಿನ ಹಾಸಿನ ಮೇಲೆ ಅಂಗೈ ಆಡಿಸಿ ಸುಕ್ಕು ಬಿಡಿಸಿದರು. 'ಈ ಸುಕ್ಕೇ ಹುಣ್ಣು ಮಾಡೋದು. ಎರಡೆರಡು ಗಂಟೆಗೆ ತಿರುಗಿಸಬೇಕು. ನಾನು ಒಬ್ಬಳೇ ಇದೀನಿ, ಎಲ್ಲರ ಹತ್ರ ಬರಕ್ಕಾಗಲ್ಲ, ನೀವು ಕಲೀರಿ.' ಆಮೇಲೆ ಎಡ ಹಿಮ್ಮಡಿಯ ಕೆಂಪನ್ನು ಬೆರಳಿನಿಂದ ಒತ್ತಿ ತೋರಿಸಿದರು. ಒತ್ತಿದರೆ ಬಿಳಿಚಿ ಮತ್ತೆ ಕೆಂಪಾದರೆ ಪರವಾಗಿಲ್ಲ, ಒತ್ತಿದರೂ ಕೆಂಪು ಹೋಗದಿದ್ದರೆ ಹುಣ್ಣು ಶುರುವಾಗಿದೆ ಎಂದರ್ಥ. ಅಮ್ಮನದು ಹೋಗಲಿಲ್ಲ. ಮೀನಖಂಡದ ಕೆಳಗೆ ದಿಂಬಿಟ್ಟು ಹಿಮ್ಮಡಿ ಹಾಸಿಗೆಗೆ ತಾಗದಂತೆ ಮಾಡಿ ಹೊರಟುಹೋದರು. ನಾನು ಕ್ಷಮೆ ಕೇಳಲಿಲ್ಲ. ಕೇಳಬೇಕು ಎಂದು ಹೊಳೆದದ್ದೇ ಡಿಸ್ಚಾರ್ಜ್ ಆದ ಮೇಲೆ.

ಆರು ವರ್ಷದ ಮೇಲೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕರು. ನಾನೇ ಹೋಗಿ ಮಾತಾಡಿಸಿದೆ. ಗುರುತು ಹತ್ತಲಿಲ್ಲ. ಹೆಸರು ಹೇಳಿದೆ, ಊರು ಹೇಳಿದೆ, ಕೂಗಾಡಿದ್ದನ್ನೂ ಹೇಳಿದೆ. ಕೂಗಾಡುವವರು ಅವರಿಗೆ ದಿನಾ ಸಿಗುತ್ತಾರೆ, ನೆನಪಾಗಲಿಲ್ಲ. ಕಿಟಕಿ ಪಕ್ಕದ ಬೆಡ್ಡು, ಲಕ್ವ ಎಂದೆ. ಒಂದು ಕ್ಷಣ ನೋಡಿ, 'ಎಡ ಹಿಮ್ಮಡಿ ಅಲ್ವಾ? ಮಾಗಿತ್ತಾ?' ಅಂದರು. ಅಷ್ಟು ಹೊತ್ತಿಗೆ ಅಮ್ಮ ತೀರಿಕೊಂಡು ಎರಡು ವರ್ಷವಾಗಿತ್ತು. ಮಾಗಿತ್ತು ಅಂದೆ.

ನಿಮ್ಮೂರಿನ ದಿಕ್ಕಿನವರೇ ಆದ ಅರುಣಾ ಶಾನಭಾಗರ ಹೆಸರು ನೀವು ಕೇಳಿರುತ್ತೀರಿ. ಹಳದೀಪುರದಿಂದ ಮುಂಬಯಿಗೆ ಹೋಗಿ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆದವರು. 1973ರ ನವೆಂಬರ್ 27ರಂದು ಅಲ್ಲಿನ ವಾರ್ಡ್ ಬಾಯ್ ಒಬ್ಬನ ದಾಳಿಗೆ ಸಿಕ್ಕಿ ಮಿದುಳಿಗೆ ಪೆಟ್ಟಾಯಿತು, 2015ರ ಮೇ 18ರಂದು ತೀರಿಕೊಳ್ಳುವವರೆಗೂ ಅದೇ ಆಸ್ಪತ್ರೆಯ ಹಾಸಿಗೆಯ ಮೇಲೇ ಇದ್ದರು. ದಯಾಮರಣದ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಬಂದು 2011ರಲ್ಲಿ ತೀರ್ಪಾದದ್ದು ಎಲ್ಲರಿಗೂ ನೆನಪಿದೆ. ನನಗೆ ದೊಡ್ಡದಾಗಿ ಕಾಣುವುದು ಆ ಮೊಕದ್ದಮೆಯ ಕಾಗದಗಳಲ್ಲಿ ದಾಖಲಾದ ಒಂದು ಸಣ್ಣ ವಿಷಯ: ಅಷ್ಟು ದಶಕ ಮಲಗಿದ ಆ ಮೈಯಲ್ಲಿ ಒಂದೇ ಒಂದು ಹಾಸಿಗೆ ಹುಣ್ಣು ಆಗಿರಲಿಲ್ಲ. ಆ ದಾಳಿ ನಡೆದಾಗ ಇನ್ನೂ ಹುಟ್ಟೇ ಇರದಿದ್ದ ನರ್ಸ್‌ಗಳೂ ಮುಂದೆ ಅವರಿಗೆ ಊಟ ಮಾಡಿಸಿದರು. ಅರುಣಾ ನಡೆದಾಡಿದ್ದನ್ನಾಗಲಿ ನಕ್ಕಿದ್ದನ್ನಾಗಲಿ ಅವರು ಕಂಡವರಲ್ಲ. ಡ್ಯೂಟಿ ಬದಲಾಗುವಾಗ ಹ್ಯಾಂಡೋವರಿನಲ್ಲಿ ಬಂದ ರೋಗಿ. 42 ವರ್ಷ ದಿನಾ ಅತ್ತಿದ್ದರೆ ಆ ಚರ್ಮ ಉಳಿಯುತ್ತಿರಲಿಲ್ಲ. ತಿರುಗಿಸಿದರು, ಒರೆಸಿದರು, ಸುಕ್ಕು ಬಿಡಿಸಿದರು.

ಹಾಗೆಂದು ನಿಮ್ಮನ್ನು ಹೊಗಳಿ ಮುಗಿಸುವುದಿಲ್ಲ. ಪತ್ರದ ಮೂರನೇ ಹಾಳೆಯಲ್ಲಿ, ಹೋದ ತಿಂಗಳು ಪದೇ ಪದೇ ಬೆಲ್ ಒತ್ತಿದ ಅಜ್ಜಿಗೆ ರೇಗಿದೆ ಎಂದು ಬರೆದಿದ್ದೀರಿ. ಅದು ತಪ್ಪೇ. ಆದರೆ ಅದರ ಹಿಂದಿನ ಸಾಲಿನಲ್ಲೇ ಇದೆ: 34 ಬೆಡ್ಡಿನ ವಾರ್ಡಿಗೆ ರಾತ್ರಿ ಇಬ್ಬರು. ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡದ ಪ್ರಕಾರ ಸಾಮಾನ್ಯ ಆಸ್ಪತ್ರೆಯಲ್ಲಿ 5 ರೋಗಿಗಳಿಗೆ ಒಬ್ಬರು ಇರಬೇಕು. ನಿಮ್ಮ ಪಾಲಿಗೆ 17 ಜನ. ಇಲ್ಲಿ ಬತ್ತಿರುವುದು ಕರುಣೆಯೋ ಕಾಲುಗಳೋ ಎಂದು ಮೊದಲು ಕೇಳಿಕೊಳ್ಳಿ. ರಜೆಯ ದಿನವೂ ನಿದ್ದೆ ಬರುತ್ತಿಲ್ಲ, ಮಗುವಿನ ಮಾತೂ ಬೇಡವೆನಿಸುತ್ತಿದೆ ಎಂದಾದರೆ ಅದು ಬೇರೆ ವಿಷಯ. ಆಗ ಪತ್ರಿಕೆಯ ಸಂಪಾದಕನಿಗೆ ಬರೆಯುತ್ತ ಕೂರಬೇಡಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡಬಹುದು.

ಇನ್ನು ನಿಮ್ಮ ಅತ್ತೆಯವರ ಮಾತು. ದೊಡ್ಡವರು, ನಿಮ್ಮ ಮೇಲಿನ ಪ್ರೀತಿಯಿಂದಲೇ ಹೇಳಿರುತ್ತಾರೆ. ಆದರೆ 'ಸೇವೆ' ಎಂಬ ಪದ ಸಂಬಳದ ಚೀಟಿಯ ಹತ್ತಿರ ಬಂದಾಗಲೆಲ್ಲ ನನಗೆ ಅನುಮಾನ. ಎಂಜಿನಿಯರ್ ಮಗ ಅಮೆರಿಕಕ್ಕೆ ಹೊರಟರೆ ಬೀದಿಯವರೆಲ್ಲ ಹಾರ ಹಾಕುತ್ತಾರೆ, ನರ್ಸ್ ಸೊಸೆ ಜರ್ಮನಿಗೆ ಹೊರಟರೆ ಮಾತ್ರ ಸೇವೆಗೆ ಭಂಗ! ಖಾಸಗಿ ಆಸ್ಪತ್ರೆಯ ನರ್ಸ್‌ಗಳ ಸಂಬಳದ ವಿಚಾರದಲ್ಲಿ 2016ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆದೇಶ ಕೊಟ್ಟ ಮೇಲೆ ಕೇಂದ್ರ ಸರ್ಕಾರ ನೇಮಿಸಿದ ಸಮಿತಿ ಶಿಫಾರಸು ಕೊಟ್ಟಿತು. 200ಕ್ಕಿಂತ ಹೆಚ್ಚು ಹಾಸಿಗೆಯಿರುವ ಆಸ್ಪತ್ರೆಗಳು ಸರ್ಕಾರಿ ನರ್ಸ್‌ಗಳಷ್ಟೇ ಸಂಬಳ ಕೊಡಬೇಕು, 50ಕ್ಕಿಂತ ಕಡಿಮೆ ಹಾಸಿಗೆಯ ಸಣ್ಣ ಆಸ್ಪತ್ರೆಯೂ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಕೊಡುವಂತಿಲ್ಲ ಎಂದು. ಒಂಬತ್ತು ವರ್ಷದ ಅನುಭವಕ್ಕೆ ನಿಮಗೆ ಸಿಗುತ್ತಿರುವ ಮೊತ್ತವನ್ನು ನೀವು ಬರೆದಿದ್ದೀರಿ, ನಾನು ಅಚ್ಚು ಹಾಕುವುದಿಲ್ಲ. ಅತ್ತೆಯವರಿಗೆ ಆ ಶಿಫಾರಸನ್ನು ಓದಿ ಹೇಳಿ.

ಹೋಗಿ ಎಂದೂ ಹೇಳಲಾರೆ, ಇರಿ ಎಂದೂ ಹೇಳಲಾರೆ. ಮಗು ಇನ್ನೂ ನಾಲ್ಕು ವರ್ಷದ್ದು, ಆ ಲೆಕ್ಕ ನೀವೂ ನಿಮ್ಮ ಯಜಮಾನರೂ ಕೂತು ಹಾಕಬೇಕಾದದ್ದು. ಆದರೆ ಮೂರೂವರೆ ಲಕ್ಷದ ಬಗ್ಗೆ ಸ್ಪಷ್ಟವಾಗಿ ಹೇಳುತ್ತೇನೆ: ಕೊಡಬೇಡಿ. ವಿದೇಶದ ಕೆಲಸಕ್ಕೆ ಕಳಿಸುವ ನೋಂದಾಯಿತ ಏಜೆಂಟರು ಪಡೆಯಬಹುದಾದ ಸೇವಾ ಶುಲ್ಕಕ್ಕೆ ಸರ್ಕಾರ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ ಎಂದು ಮಿತಿ ಹಾಕಿದೆ. ಏಜೆಂಟ್ ನೋಂದಾಯಿತನೋ ಅಲ್ಲವೋ ಎಂಬುದನ್ನು ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ನೋಡಬಹುದು. ಅವನ ನೋಂದಣಿ ನಂಬರ್ ಕೇಳಿ. ಕೇಳಿದ ಕೂಡಲೇ ಅವನ ದನಿ ಬದಲಾದರೆ ಉತ್ತರ ಸಿಕ್ಕ ಹಾಗೆ. ಜರ್ಮನಿಯಲ್ಲಿ ಪೂರ್ಣ ನರ್ಸ್ ಆಗಿ ಮಾನ್ಯತೆ ಸಿಗಲು ಸಾಮಾನ್ಯವಾಗಿ ಜರ್ಮನ್ ಭಾಷೆ ಬಿ-2 ಹಂತದವರೆಗೆ, ಎಂದರೆ ತಡವರಿಸದೆ ಮಾತಾಡುವಷ್ಟು ಬರಬೇಕು, ಅದೇನು ಮೂರು ತಿಂಗಳ ಕ್ರ್ಯಾಶ್ ಕೋರ್ಸಿನಲ್ಲಿ ಆಗುವ ಕೆಲಸವಲ್ಲ. ಅಲ್ಲಿಯೂ ಹಣ್ಣಾದ ಮುದುಕರೇ ನಿಮ್ಮ ರೋಗಿಗಳು. ಅವರಿಗೆ 'ಬಲಕ್ಕೆ ತಿರುಗಿಸ್ತೀನಿ' ಎಂದು ಜರ್ಮನ್‌ನಲ್ಲಿ ಹೇಳಲು ಬರದಿದ್ದರೆ ನೀವು ಅಲ್ಲಿ ಇನ್ನೂ ಹೆಚ್ಚು ಒದ್ದಾಡುತ್ತೀರಿ. ಹಾಗಾಗಿ ಮೊದಲು ಭಾಷೆ, ಆಮೇಲೆ ಏಜೆಂಟ್.

ಹೋಗುವುದು ನಿಶ್ಚಯವಾದರೆ ಒಂದು ಕಾರ್ಡು ಹಾಕಿ, ಚಂದಾದ ವಿಳಾಸ ಬದಲಿಸಿಕೊಡುತ್ತೇವೆ. ಹೊರದೇಶದ ಅಂಚೆ ವೆಚ್ಚ ಮಾತ್ರ ಬೇರೆಯಾಗುತ್ತದೆ, ಅದರಲ್ಲಿ ನಮ್ಮ ಮ್ಯಾನೇಜರು ರಿಯಾಯಿತಿ ಕೊಡುವ ಪೈಕಿಯಲ್ಲ.

— ಸಂ.