ಟೋಲ್ ಮುಂದೆ ನಿಂತಾಗ ಕಿಸೆ ಖಾಲಿ, ಫೋನ್ ಆಫ್: ಆಗ ಏನು ಮಾಡಬೇಕು?

ಪ್ರಶ್ನೆ: ಸರ್, ನಾನು ಸಿಂಧನೂರಿನವನು. ಹೆಸರು ಹಾಕಬೇಡಿ. ಕಳೆದ ತಿಂಗಳು ಅವ್ವನನ್ನು ಹುಬ್ಬಳ್ಳಿ ಆಸ್ಪತ್ರೆಗೆ ತೋರಿಸಲು ನಸುಕಿನ ನಾಲ್ಕಕ್ಕೆ ಹೊರಟಿದ್ದೆ. ಕಾರು ನನ್ನದಲ್ಲ, ಭಾವನದು. ಗಡಿಬಿಡಿಯಲ್ಲಿ ಪಾಕೀಟು ಮನೆಯಲ್ಲೇ ಉಳಿಯಿತು. ಫೋನಿನಲ್ಲಿ ಚಾರ್ಜ್ ಕಡಿಮೆ ಇತ್ತು, ದಾರಿಯಲ್ಲಿ ಆಫ್ ಆಯಿತು. ಹೆದ್ದಾರಿಯ ಒಂದು ಟೋಲ್‌ನಲ್ಲಿ ಗೇಟ್ ಏಳಲಿಲ್ಲ. ಟ್ಯಾಗ್ ನಡೆಯುತ್ತಿಲ್ಲ, ಡಬಲ್ ಕಟ್ಟಿ ಎಂದರು. ಅವ್ವನ ಎಲೆಅಡಿಕೆ ಚೀಲದಲ್ಲಿ ಮೂವತ್ತು ರೂಪಾಯಿ ಇತ್ತು, ಅಷ್ಟೇ. ಹಾಗಾದರೆ ಆರ್‌ಸಿ ಇಟ್ಟು ಹೋಗಿ ಎಂದರು. ಹಿಂದೆ ಲಾರಿಗಳ ಹಾರ್ನ್. ಕೊನೆಗೆ ಲಾರಿ ಡ್ರೈವರ್ ಒಬ್ಬರು ಇಳಿದು ಬಂದು ರೊಕ್ಕ ಕಟ್ಟಿದರು. ಅವರ ನಂಬರ್ ಕೇಳುವಷ್ಟರಲ್ಲಿ ಹೊರಟೇ ಹೋದರು. ಮುಂದೆ ಕೊಪ್ಪಳದಲ್ಲಿ ನೆಂಟರ ಮನೆಗೆ ಹೋಗಿ ದುಡ್ಡು ಇಸಿದುಕೊಂಡೆವು. ಅವತ್ತು ನಾನು ಏನು ಮಾಡಬೇಕಿತ್ತು? ಅವರು ಆರ್‌ಸಿ ಕೇಳಬಹುದಾ?

ಉತ್ತರ: ಮೊದಲು ಅವ್ವ ಈಗ ಆರಾಮಾಗಿದ್ದಾರೆ ಎಂದುಕೊಳ್ಳುತ್ತೇನೆ. ನಿಮ್ಮ ಪತ್ರ ಓದಿ ಮನಸ್ಸಿಗೆ ಬೇಜಾರಾಯಿತು. ಯಾಕೆಂದರೆ ಅವತ್ತು ನಿಮಗೆ ಬೇಕಿದ್ದದ್ದು ದುಡ್ಡಲ್ಲ. ಒಂದೇ ಒಂದು ಫೋನ್ ಕರೆ.

ಫಾಸ್ಟ್ಯಾಗ್‌ಗೆ ದುಡ್ಡು ಹಾಕಲು ಗಾಡಿಯ ಹತ್ತಿರ ಇರಬೇಕಿಲ್ಲ. ಮನೆಯಲ್ಲಿ ಕುಳಿತವರು ಯಾರು ಬೇಕಾದರೂ ತಮ್ಮ ಫೋನಿನಿಂದ ಹಾಕಬಹುದು. ಫೋನ್‌ಪೇ, ಗೂಗಲ್ ಪೇಯಂಥ ಆಪ್‌ನಲ್ಲಿ ಫಾಸ್ಟ್ಯಾಗ್ ರೀಚಾರ್ಜ್ ಎಂದು ಇರುತ್ತದೆ. ಟ್ಯಾಗ್ ಕೊಟ್ಟ ಬ್ಯಾಂಕ್ ಯಾವುದು ಎಂದು ಆರಿಸಿ, ಗಾಡಿ ನಂಬರ್ ಹಾಕಿದರೆ ಮುಗಿಯಿತು. ನೀವು ಮಾಡಬೇಕಿದ್ದದ್ದು ಇಷ್ಟೇ: ಆ ಲಾರಿ ಡ್ರೈವರ್ ಹತ್ತಿರವೋ, ಟೋಲ್ ಸಿಬ್ಬಂದಿ ಹತ್ತಿರವೋ ಫೋನ್ ಇಸಿದುಕೊಂಡು ಭಾವನನ್ನು ಎಬ್ಬಿಸುವುದು. ಟ್ಯಾಗ್ ಅವರದೇ ಆಗಿರುವುದರಿಂದ ಬ್ಯಾಂಕ್ ಯಾವುದು ಎಂದು ಅವರಿಗೆ ಗೊತ್ತಿರುತ್ತದೆ. ಗೊತ್ತಿಲ್ಲದಿದ್ದರೂ ಚಿಂತೆ ಇಲ್ಲ. ಬ್ಯಾಂಕಿನ ಹೆಸರು ಟ್ಯಾಗ್ ಮೇಲೆಯೇ ಅಚ್ಚಾಗಿರುತ್ತದೆ. ಗಾಜಿನ ಹೊರಗೆ ನಿಂತು ನೋಡಿ ಹೇಳಿದರೆ ಸಾಕು.

ಇಲ್ಲಿ ನಿಮ್ಮ ಪತ್ರದಲ್ಲಿ ನೀವೇ ಗಮನಿಸದ ಒಂದು ಮಾತಿದೆ. ಕಾರು ಭಾವನದು. ಅಂದರೆ ಟ್ಯಾಗ್‌ಗೆ ಜೋಡಿಸಿದ ಮೊಬೈಲ್ ನಂಬರ್ ಕೂಡ ಅವರದು. ದುಡ್ಡು ಕಡಿಮೆಯಾಗಿದೆ, ಕೆವೈಸಿ ಬಾಕಿ ಇದೆ ಎಂಬ ಮೆಸೇಜ್ ಎಲ್ಲ ಅವರ ಫೋನಿಗೆ ಹೋಗುತ್ತವೆ. ಸ್ಟೇರಿಂಗ್ ಹಿಡಿದವರಿಗೆ ಏನೂ ಗೊತ್ತಾಗುವುದಿಲ್ಲ. ನಮ್ಮ ಕಡೆ ಕಾರು ಒಂದು ಮನೆಯಲ್ಲಿ ಇದ್ದರೆ ನಾಲ್ಕು ಮನೆಯವರು ಓಡಿಸುತ್ತಾರೆ. ಮದುವೆ, ಆಸ್ಪತ್ರೆ, ಹುಲಿಗಿ ಜಾತ್ರೆ ಎಲ್ಲದಕ್ಕೂ ಅದೇ ಗಾಡಿ. ನನಗೆ ಬರುವ ಟೋಲ್ ಪ್ರಶ್ನೆಗಳಲ್ಲಿ ಇಂಥ ಇಸಿದುಕೊಂಡ ಗಾಡಿಯ ಕಥೆಯೇ ಜಾಸ್ತಿ. ಹಾಗಾಗಿ ಕೀಲಿ ಇಸಿದುಕೊಳ್ಳುವಾಗ ಡೀಸೆಲ್ ಎಷ್ಟಿದೆ ಎಂದು ಕೇಳುವ ಹಾಗೆ ಟ್ಯಾಗ್‌ನಲ್ಲಿ ಎಷ್ಟಿದೆ ಎಂದೂ ಕೇಳಿ. ಹೊರಡುವ ಹಿಂದಿನ ರಾತ್ರಿಯೇ ಕೇಳಿದರೆ ಇನ್ನೂ ಒಳ್ಳೆಯದು.

ಈಗ ಗೇಟ್ ಯಾಕೆ ಏಳಲಿಲ್ಲ ಎಂಬುದಕ್ಕೆ ಬರೋಣ. "ಟ್ಯಾಗ್ ನಡೆಯುತ್ತಿಲ್ಲ" ಎಂಬ ಒಂದೇ ಮಾತಿನ ಹಿಂದೆ ಮೂರು ಬೇರೆ ಬೇರೆ ಸಂಗತಿ ಇರಬಹುದು. ಯಾವುದು ಎಂದು ಕೇಳಿ ತಿಳಿದುಕೊಳ್ಳದೆ ದುಡ್ಡು ತೆಗೆಯಬೇಡಿ.

ಟ್ಯಾಗ್‌ನಲ್ಲಿ ದುಡ್ಡು ಮುಗಿದಿದ್ದರೆ ಮೇಲೆ ಹೇಳಿದ ಹಾಗೆ ರೀಚಾರ್ಜ್ ಮಾಡಿಸಿದರೆ ಸಾಕು. ಕಾರು, ಜೀಪು, ವ್ಯಾನ್‌ಗಳಿಗೆ ಟ್ಯಾಗ್‌ನಲ್ಲಿ ಕನಿಷ್ಠ ಇಷ್ಟು ದುಡ್ಡು ಇರಲೇಬೇಕು ಎಂಬ ಷರತ್ತನ್ನು 2021ರ ಫೆಬ್ರುವರಿಯಲ್ಲೇ ತೆಗೆದಿದ್ದಾರೆ. ಲೆಕ್ಕ ಮೈನಸ್‌ಗೆ ಹೋಗಿರದಿದ್ದರೆ ಗಾಡಿ ಬಿಡಬೇಕು. ಕೊರತೆ ಬಿದ್ದದ್ದನ್ನು ಟ್ಯಾಗ್ ಕೊಳ್ಳುವಾಗ ಇಟ್ಟ ಠೇವಣಿಯಿಂದ ಬ್ಯಾಂಕ್ ಹಿಡಿದುಕೊಳ್ಳುತ್ತದೆ. ಲಾರಿ, ಬಸ್ಸುಗಳಿಗೆ ಈ ಅನುಕೂಲ ಇಲ್ಲ.

"ಒಂದು ಗಂಟೆ ಮೊದಲೇ ರೀಚಾರ್ಜ್ ಮಾಡದಿದ್ದರೆ ನಡೆಯುವುದಿಲ್ಲವಂತೆ" ಎಂದು ಬಹಳ ಜನ ಹೆದರುತ್ತಾರೆ. 2025ರ ಫೆಬ್ರುವರಿ 17ರಿಂದ ಜಾರಿಗೆ ಬಂದ ಒಂದು ನಿಯಮದಿಂದ ಹುಟ್ಟಿದ ಭಯ ಇದು. ಅದರಲ್ಲಿ 60 ನಿಮಿಷ, 10 ನಿಮಿಷ ಎಂಬ ಲೆಕ್ಕ ಇರುವುದು ನಿಜ. ಆದರೆ ಅದು ತಡವಾಗಿ ಬಂದ ವ್ಯವಹಾರದ ಬಗ್ಗೆ ಬ್ಯಾಂಕ್ ಬ್ಯಾಂಕುಗಳ ನಡುವಿನ ತಕರಾರು ಬಗೆಹರಿಸಲು ಮಾಡಿದ್ದು. ರಾಷ್ಟ್ರೀಯ ಹೆದ್ದಾರಿಯಲ್ಲಿ ಟೋಲ್ ದಾಟುವ ಮುಂಚೆ ಯಾವಾಗ ಬೇಕಾದರೂ ರೀಚಾರ್ಜ್ ಮಾಡಬಹುದು ಎಂದು ಹೆದ್ದಾರಿ ಪ್ರಾಧಿಕಾರವೇ ಆಗ ಸ್ಪಷ್ಟಪಡಿಸಿತು. ರಾಜ್ಯ ಹೆದ್ದಾರಿಗಳ ಕೆಲವು ಟೋಲ್‌ಗಳಲ್ಲಿ ಮಾತ್ರ ಹಳೆಯ ವ್ಯವಸ್ಥೆ ಇತ್ತು. ಅಲ್ಲಿ ಟ್ಯಾಗ್‌ಗಳ ಪಟ್ಟಿ ಹೊಸದಾಗಲು ಹೊತ್ತು ಹಿಡಿಯುತ್ತದೆ. ನೀವು ಸಿಂಧನೂರಿನಿಂದ ಗಂಗಾವತಿ ಮೇಲೆ ಗಿಣಿಗೇರಾಕ್ಕೆ ಬರುವುದು ರಾಜ್ಯ ಹೆದ್ದಾರಿ. ಗಿಣಿಗೇರಾದಿಂದ ಮುಂದೆ ಕೊಪ್ಪಳ, ಗದಗ, ಹುಬ್ಬಳ್ಳಿಗೆ ಹೋಗುವುದು ರಾಷ್ಟ್ರೀಯ ಹೆದ್ದಾರಿ 67, ನಾವು ಹಳೆಯ ರೂಢಿಯಲ್ಲಿ 63 ಎನ್ನುವ ರಸ್ತೆ. ಹಾಗಾಗಿ ನಿಮ್ಮ ಊರಿನವರು ಮನೆ ಬಿಡುವ ಮುಂಚೆಯೇ ದುಡ್ಡು ಹಾಕಿಕೊಳ್ಳುವುದು ಲೇಸು.

ಎರಡನೆಯದು, ಟ್ಯಾಗ್ ಬ್ಲ್ಯಾಕ್‌ಲಿಸ್ಟ್ ಆಗಿರುವುದು. ಕೆವೈಸಿ ಮಾಡಿಸಿಲ್ಲ, ಅಥವಾ ಅದೇ ಗಾಡಿಗೆ ಇನ್ನೊಂದು ಟ್ಯಾಗ್ ಮಾಡಿಸಿದ್ದರಿಂದ ಹಳೆಯದು ಸತ್ತಿದೆ. ಇಂಥದ್ದಕ್ಕೆ ಸಾವಿರ ರೂಪಾಯಿ ಹಾಕಿದರೂ ಗೇಟ್ ಏಳುವುದಿಲ್ಲ. ಆಗ ಕೌಂಟರ್‌ನಲ್ಲಿ ಕಟ್ಟಲೇಬೇಕು. ಆದರೆ ಹೇಗೆ ಕಟ್ಟುತ್ತೀರಿ ಎನ್ನುವುದರ ಮೇಲೆ ಮೊತ್ತ ಬೇರೆಯಾಗುತ್ತದೆ. 2025ರ ನವೆಂಬರ್ 15ರಿಂದ ರಾಷ್ಟ್ರೀಯ ಹೆದ್ದಾರಿಗಳಲ್ಲಿ ಬಂದ ಲೆಕ್ಕ ಹೀಗಿತ್ತು. ಟ್ಯಾಗ್‌ನಲ್ಲಿ 80 ರೂಪಾಯಿ ಆಗುವ ಕಡೆ ನಗದು ಕೊಟ್ಟರೆ 160. ಯುಪಿಐ ಮೂಲಕ ಕೊಟ್ಟರೆ 100, ಅಂದರೆ ಒಂದೂಕಾಲು ಪಟ್ಟು. ನಿಮಗೆ ಬರೀ "ಡಬಲ್" ಎಂದಿದ್ದಾರೆ. ಅದು ರಾಷ್ಟ್ರೀಯ ಹೆದ್ದಾರಿಯ ಟೋಲ್ ಆಗಿದ್ದರೆ ಯುಪಿಐ ದಾರಿ ಇದೆ ಎಂದು ಅವರು ಹೇಳಬೇಕಿತ್ತು. ಹೇಳದಿದ್ದರೆ ನಾವೇ ಕೇಳಬೇಕು. ಮತ್ತೆ, ನಗದನ್ನೇ ನಂಬಿಕೊಂಡು ಹೋಗುವ ಕಾಲ ಮುಗಿಯುತ್ತಾ ಬಂದಿದೆ. ಸರ್ಕಾರ ಟೋಲ್‌ನಲ್ಲಿ ನಗದನ್ನು ಕಡಿಮೆ ಮಾಡುವ ಕಡೆಗೇ ಹೆಜ್ಜೆ ಇಡುತ್ತಿದೆ.

ಫೋನೇ ಆಫ್ ಆದಾಗ ಯುಪಿಐ ಎಲ್ಲಿಂದ ಅಂತೀರಾ? ಅದಕ್ಕೂ ಮನೆಯವರೇ ಇದ್ದಾರೆ. ಪಕ್ಕದ ಗಾಡಿಯವರು ತಮ್ಮ ಫೋನಿನಿಂದ ಕಟ್ಟಲಿ. ಅಲ್ಲೇ ನಿಂತು ಮನೆಗೆ ಕರೆ ಮಾಡಿಸಿ, ಅವರ ನಂಬರಿಗೆ ಅಷ್ಟು ದುಡ್ಡು ಹಾಕಿಸಿ. ಎರಡು ನಿಮಿಷದ ಕೆಲಸ. ಕೊಟ್ಟವರಿಗೂ ದುಡ್ಡು ಬಂತು, ನಿಮಗೂ ಋಣ ಉಳಿಯಲಿಲ್ಲ. ಕೇಳುವುದಕ್ಕೆ ಸಂಕೋಚ ಬೇಡ. ಹೆದ್ದಾರಿಯಲ್ಲೇ ಬಾಳುವ ಲಾರಿಯವರಿಗೆ ಇಂಥ ಕಷ್ಟ ಚೆನ್ನಾಗಿ ಗೊತ್ತು. ನಿಮಗೆ ಸಹಾಯ ಮಾಡಿದವರೇ ಅದಕ್ಕೆ ಸಾಕ್ಷಿ ಅಲ್ವಾ.

ಮೂರನೆಯದು ಮಷೀನ್ ಕೆಟ್ಟಿರುವುದು. ಅದರ ಬಗ್ಗೆ ಕೆಳಗೆ ಇನ್ನೊಬ್ಬರು ಕೇಳಿದ್ದಾರೆ, ಅಲ್ಲಿ ಹೇಳುತ್ತೇನೆ.

ಇನ್ನು ಆರ್‌ಸಿ ಮಾತು. ಶುಲ್ಕ ಕಟ್ಟದ ಗಾಡಿಯನ್ನು ಮುಂದೆ ಬಿಡದಿರಲು ಟೋಲ್‌ನವರಿಗೆ ಅಧಿಕಾರ ಇದೆ. ಅದನ್ನು ನಾವು ಒಪ್ಪಬೇಕು. ಆದರೆ ಆರ್‌ಸಿ, ಲೈಸೆನ್ಸ್, ಗಾಡಿ ಕೀಲಿ, ಫೋನ್ ಒತ್ತೆ ಇಟ್ಟುಕೊಳ್ಳುವ ಅಧಿಕಾರ ಅವರಿಗಿಲ್ಲ. ಮೋಟಾರು ವಾಹನ ಕಾಯ್ದೆಯ ಪ್ರಕಾರ ದಾಖಲೆ ವಶಪಡಿಸಿಕೊಳ್ಳಬಹುದಾದವರು ಪೊಲೀಸರು ಮತ್ತು ಸರ್ಕಾರ ಅಧಿಕಾರ ಕೊಟ್ಟ ಅಧಿಕಾರಿಗಳು ಮಾತ್ರ. ನೀವು ಆರ್‌ಸಿ ಕೊಡದೆ ಬಂದದ್ದು ಒಳ್ಳೆಯದಾಯಿತು. ಯಾರಾದರೂ ಒತ್ತಾಯ ಮಾಡಿದರೆ ಜಗಳಕ್ಕೆ ಹೋಗಬೇಡಿ. ಮೇಲ್ವಿಚಾರಕರನ್ನು ಕರೆಸಿ ಎನ್ನಿ. ಅದಕ್ಕೂ ಬಗ್ಗದಿದ್ದರೆ 112ಕ್ಕೆ ಕರೆ ಮಾಡಿಸಿ. ರಾಷ್ಟ್ರೀಯ ಹೆದ್ದಾರಿಯಾದರೆ 1033 ಇದೆ, ಹಗಲು ರಾತ್ರಿ ಸಿಗುತ್ತದೆ. ಈ 1033 ಬರೀ ಟೋಲ್ ದೂರಿಗಲ್ಲ. ಗಾಡಿ ಕೆಟ್ಟರೆ ಕ್ರೇನ್, ಅಪಘಾತವಾದರೆ ಆಂಬುಲೆನ್ಸ್, ಎಲ್ಲಕ್ಕೂ ಅದೇ.

ಗೇಟಿನ ಮುಂದೆ ಸಿಕ್ಕಿಕೊಂಡಾಗ ಒಂದು ಕೆಲಸ ಮಾತ್ರ ಮಾಡಲೇಬೇಡಿ. ಗಾಬರಿಯಲ್ಲಿ ರಿವರ್ಸ್ ತೆಗೆಯಬೇಡಿ. ಹಿಂದೆ ಲೋಡ್ ಲಾರಿ ನಿಂತಿರುತ್ತದೆ. ಅದರ ಡ್ರೈವರ್‌ಗೆ ನಿಮ್ಮ ಕಾರಿನ ಹಿಂಭಾಗ ಕೂಡ ಕಾಣದೆ ಇರಬಹುದು. ಗೇಟ್ ದಾಟಿಸಿ ಪಕ್ಕಕ್ಕೆ ನಿಲ್ಲಿಸುತ್ತೇನೆ, ಕಟ್ಟಿಯೇ ಹೋಗುತ್ತೇನೆ ಎಂದು ನಿಧಾನವಾಗಿ ಹೇಳಿ. ಸಾಲು ಬೆಳೆಯುವುದು ಅವರಿಗೂ ಬೇಡ. ಬಹಳ ಕಡೆ ಇದಕ್ಕೆ ಒಪ್ಪುತ್ತಾರೆ. ಇನ್ನೂ ಒಳ್ಳೆಯದು, ಕಿಸೆ ಖಾಲಿ ಎಂದು ಟೋಲ್ ಬರುವ ಮುಂಚೆಯೇ ಗೊತ್ತಾದರೆ ಅಲ್ಲೇ ಒಂದು ಪೆಟ್ರೋಲ್ ಬಂಕ್ ಅಥವಾ ಢಾಬಾದಲ್ಲಿ ನಿಲ್ಲಿಸಿ. ಹತ್ತು ನಿಮಿಷ ಫೋನ್ ಚಾರ್ಜ್‌ಗೆ ಹಾಕಿ, ಒಂದು ಚಹಾ ಕುಡಿಯುವಷ್ಟರಲ್ಲಿ ಎಲ್ಲ ಸರಿಹೋಗುತ್ತದೆ.

ಅವ್ವನ ಸ್ಥಿತಿ ಅವತ್ತು ಗಂಭೀರವಾಗಿದ್ದಿದ್ದರೆ ನನ್ನ ಸಲಹೆ ಬೇರೆಯೇ ಇರುತ್ತಿತ್ತು. ರೋಗಿ ಇದ್ದಾರೆ ಎಂದು ಸ್ವಂತ ಕಾರಿಗೆ ಟೋಲ್ ಮಾಫಿ ಸಿಗುವುದಿಲ್ಲ. ಆಂಬುಲೆನ್ಸ್‌ಗೆ ಶುಲ್ಕವೇ ಇಲ್ಲ. ಅಂಥ ಹೊತ್ತಿನಲ್ಲಿ ಭಾವನ ಕಾರು ಹುಡುಕದೆ 108ಕ್ಕೆ ಕರೆ ಮಾಡಿ.

ಮುಂದಕ್ಕೆ ಒಂದು ವ್ಯವಸ್ಥೆ ಮಾಡಿಕೊಳ್ಳಿ. ಟ್ಯಾಗ್‌ನಲ್ಲಿ ದುಡ್ಡು ಇಷ್ಟಕ್ಕಿಂತ ಕೆಳಗೆ ಇಳಿದರೆ ತಾನಾಗಿ ತುಂಬಿಕೊಳ್ಳಲಿ ಎಂದು ಬ್ಯಾಂಕಿಗೆ ಹೇಳಿಡಬಹುದು. ಇದಕ್ಕೆ ಪ್ರತಿ ಸಲ 24 ಗಂಟೆ ಮುಂಚೆ ಮೆಸೇಜ್ ಕಳಿಸಬೇಕೆಂಬ ಷರತ್ತನ್ನು ರಿಸರ್ವ್ ಬ್ಯಾಂಕ್ 2024ರ ಆಗಸ್ಟ್‌ನಲ್ಲಿ ತೆಗೆದಿದೆ. ಭಾವನಿಗೆ ಇದನ್ನು ಹೇಳಿ, ಮಾಡಿಸಿಕೊಳ್ಳಲಿ. ಗಾಡಿಯ ಡ್ಯಾಶ್‌ಬೋರ್ಡ್ ಡಬ್ಬಿಯಲ್ಲಿ ಒಂದು ಐನೂರರ ನೋಟು, ಒಂದು ಚಾರ್ಜರ್, ಒಂದು ಚೀಟಿಯಲ್ಲಿ ಮನೆಯವರ ಎರಡು ನಂಬರ್ ಬರೆದು ಇಡಿ. ಫೋನ್ ಆಫ್ ಆದ ಮೇಲೆ ಹೆಂಡತಿಯ ನಂಬರ್ ಕೂಡ ನಮಗೆ ನೆನಪಿರುವುದಿಲ್ಲ ನೋಡಿ.

ಪ್ರಶ್ನೆ: ಬಳ್ಳಾರಿಯಲ್ಲಿ ನನ್ನದು ಒಂದು ಲಾರಿ ಇದೆ. ಟ್ಯಾಗ್‌ನಲ್ಲಿ ಎರಡು ಸಾವಿರಕ್ಕೂ ಜಾಸ್ತಿ ದುಡ್ಡು ಇತ್ತು. ಮಷೀನ್ ಓದಲಿಲ್ಲ ಎಂದು ಡ್ರೈವರ್ ಹತ್ತಿರ ನಗದು ಕಟ್ಟಿಸಿಕೊಂಡರು. ಸ್ವಲ್ಪ ಹೊತ್ತಿಗೆ ಟ್ಯಾಗ್‌ನಿಂದಲೂ ದುಡ್ಡು ಕಡಿತವಾಯಿತು. ವಾಪಸ್ ಬರುತ್ತದಾ? ಸಂಡೂರು ಕಡೆಯ ಕೆಂಧೂಳು ಗಾಜಿಗೆ ಕೂತು ಹೀಗಾಯಿತು ಎಂದು ಡ್ರೈವರ್ ಹೇಳುತ್ತಾನೆ.

ಉತ್ತರ: ಧೂಳಿನ ತಪ್ಪಲ್ಲ. ಟ್ಯಾಗ್ ಓದುವುದು ರೇಡಿಯೊ ಅಲೆಯಿಂದ, ಕಣ್ಣಿನಿಂದ ಅಲ್ಲ. ಗಾಜಿನ ಮೇಲೆ ಎಷ್ಟು ಧೂಳು ಕೂತರೂ ಅಲೆ ದಾಟುತ್ತದೆ. ಲೋಹ ಅಡ್ಡ ಬಂದರೆ ತೊಂದರೆ. ಕಲ್ಲು ತಾಗದಿರಲಿ ಎಂದು ಗಾಜಿನ ಮುಂದೆ ಕಬ್ಬಿಣದ ಜಾಲರಿ ಹಾಕಿಸಿದ್ದರೆ ಟ್ಯಾಗ್ ಅದರ ಹಿಂದೆ ಬಂದಿದೆಯಾ ನೋಡಿ. ಟ್ಯಾಗ್ ಮಡಚಿದ್ದರೂ, ಸೀಳಿದ್ದರೂ ಓದುವುದಿಲ್ಲ. ಗಾಜಿಗೆ ಅಂಟಿಸದೆ ಕೈಯಲ್ಲಿ ಹಿಡಿದು ತೋರಿಸುವ ಅಭ್ಯಾಸ ಇದ್ದರೆ ಇವತ್ತೇ ಬಿಡಿಸಿ, ಅಂಥ ಟ್ಯಾಗನ್ನು ಬ್ಲ್ಯಾಕ್‌ಲಿಸ್ಟ್ ಮಾಡುತ್ತಾರೆ.

ಟ್ಯಾಗ್ ಸರಿ ಇದ್ದು, ದುಡ್ಡೂ ಇದ್ದು, ಟೋಲ್‌ನ ಮಷೀನೇ ಕೆಲಸ ಮಾಡದಿದ್ದರೆ ಒಂದು ಪೈಸೆ ಕೊಡಬೇಕಿಲ್ಲ. 2018ರ ಮೇ ತಿಂಗಳಿಂದಲೂ ರಾಷ್ಟ್ರೀಯ ಹೆದ್ದಾರಿಯ ನಿಯಮ ಇದು. ಸೊನ್ನೆ ರೂಪಾಯಿಯ ರಸೀದಿ ಕೊಟ್ಟು ಗಾಡಿ ಬಿಡಬೇಕು. ನಿಮ್ಮ ಡ್ರೈವರ್‌ಗೆ ಈ ಒಂದು ಮಾತು ಬಾಯಿಪಾಠ ಮಾಡಿಸಿ.

ನಿಮ್ಮದು ಎರಡು ಸಲ ಕಟ್ಟಿದ ಪ್ರಕರಣ. ನಗದಿನ ರಸೀದಿ ಮತ್ತು ಟ್ಯಾಗ್ ಕಡಿತದ ಮೆಸೇಜ್ ಎರಡನ್ನೂ ಇಟ್ಟುಕೊಂಡು ಟ್ಯಾಗ್ ಕೊಟ್ಟ ಬ್ಯಾಂಕಿಗೆ ದೂರು ಕೊಡಿ. 1033ಕ್ಕೂ ಹೇಳಿ, ದೂರಿನ ನಂಬರ್ ಬರೆದುಕೊಳ್ಳಿ. ರಸೀದಿ ಇಲ್ಲದಿದ್ದರೆ ವಾದ ನಿಲ್ಲುವುದು ಕಷ್ಟ. ಡ್ರೈವರ್ ರಸೀದಿ ತರದೆ ಬಂದರೆ ಬೈಯಬೇಡಿ, ಮುಂದಿನ ಸಲ ಯಾಕೆ ಬೇಕು ಎಂದು ಕೂರಿಸಿ ತಿಳಿಸಿ.

ಪ್ರಶ್ನೆ: ನಮ್ಮದು ಕುಷ್ಟಗಿ ತಾಲ್ಲೂಕಿನ ಹಳ್ಳಿ. ಟೋಲ್ ಹತ್ತೇ ಕಿಲೋಮೀಟರ್. ದಿನಾ ಕಾರಿನಲ್ಲಿ ದಾಟಬೇಕು. ಪ್ರತಿ ಸಲ ಕಟ್ಟಲೇಬೇಕಾ?

ಉತ್ತರ: ಬೇಕಿಲ್ಲ. ಟೋಲ್‌ನಿಂದ 20 ಕಿಲೋಮೀಟರ್ ಒಳಗೆ ಮನೆ ಇದ್ದು, ಕಾರು ಬಾಡಿಗೆಯದಲ್ಲದೆ ಸ್ವಂತ ಬಳಕೆಯದಾದರೆ ತಿಂಗಳ ಪಾಸ್ ಸಿಗುತ್ತದೆ. 2025-26ರಲ್ಲಿ ಅದಕ್ಕೆ 350 ರೂಪಾಯಿ ಇತ್ತು, ಪ್ರತಿ ಏಪ್ರಿಲ್‌ನಲ್ಲಿ ಸ್ವಲ್ಪ ಬದಲಾಗುತ್ತದೆ. ಆ ಒಂದು ಟೋಲ್‌ಗೆ ಮಾತ್ರ ನಡೆಯುತ್ತದೆ. ದೂರದೂರಿಗೂ ಜಾಸ್ತಿ ಓಡಾಡುವವರಾದರೆ ವರ್ಷದ ಪಾಸ್ ನೋಡಿ. 2025ರ ಆಗಸ್ಟ್ 15ರಂದು 3,000 ರೂಪಾಯಿಗೆ ಶುರುವಾದದ್ದು ಅದು. ಒಂದು ವರ್ಷ ಅಥವಾ 200 ಸಲ, ಯಾವುದು ಮೊದಲೋ ಅಲ್ಲಿಯವರೆಗೆ. ರಾಷ್ಟ್ರೀಯ ಹೆದ್ದಾರಿಗಳಲ್ಲಿ ಮಾತ್ರ ನಡೆಯುತ್ತದೆ, ರಾಜ್ಯ ಹೆದ್ದಾರಿಯ ಟೋಲ್‌ನಲ್ಲಿ ಎಂದಿನಂತೆ ಟ್ಯಾಗ್‌ನಿಂದ ದುಡ್ಡು ಹೋಗುತ್ತದೆ. ದಿನಾ ಎರಡು ಸಲ ದಾಟುವ ನಿಮಗೆ 200 ಸಲ ಎನ್ನುವುದು ನೂರು ದಿನಕ್ಕೇ ಮುಗಿಯುತ್ತದೆ. ಅದಕ್ಕೆ ತಿಂಗಳ ಪಾಸೇ ಸರಿ. ಆರ್‌ಸಿ ಮತ್ತು ವಿಳಾಸ ಇರುವ ಆಧಾರ್ ತೆಗೆದುಕೊಂಡು ಟೋಲ್‌ನ ಕಚೇರಿಗೆ ಹೋಗಿ ಕೇಳಿ.