ಕೈ ಎತ್ತಿದಾಗ ಬೆನ್ನಿನ ಮೂಳೆ ಸರಿಯುತ್ತದೆ, ಜಾರಿದೆಯಾ?

ಕೈ ಪೂರ್ತಿ ಮೇಲೆತ್ತಿದರೆ ಬೆನ್ನಿನ ಅಗಲ ಮೂಳೆ ಪಕ್ಕಕ್ಕೆ ಸರಿಯುತ್ತದೆ, ನೋವೇನಿಲ್ಲ, ಮೂಳೆ ಜಾರಿರಬಹುದಾ ಅಂತ ಕೇಳಿದ್ದೀರಿ. ಇಲ್ಲ, ಜಾರಿಲ್ಲ. ಅದು ಸರಿಯಲೇಬೇಕು.

ನಾನು ದಾವಣಗೆರೆಯಲ್ಲಿ ಫಿಸಿಯೋಥೆರಪಿಸ್ಟ್. ಎಪಿಎಂಸಿ ಹಮಾಲರು, ಮಂಡಕ್ಕಿ ಭಟ್ಟಿಯವರು ಭುಜ ಹಿಡಿದುಕೊಂಡು ಬರುತ್ತಾರೆ. ಎಲ್ಲರೂ ತೋಳು ಸೇರುವ ಜಾಗವನ್ನೇ ತೋರಿಸುತ್ತಾರೆ. ನಾನು ಮಾತ್ರ ಅಂಗಿ ಬಿಚ್ಚಿಸಿ ಮೊದಲು ಬೆನ್ನು ನೋಡುತ್ತೇನೆ. ಕೆಲವರಿಗೆ ಈ ಡಾಕ್ಟ್ರಿಗೆ ಏನೂ ಗೊತ್ತಿಲ್ಲ ಅನ್ನಿಸುತ್ತದೆ!

ಭುಜದಲ್ಲಿ ಮೂರು ಮೂಳೆ. ತೋಳಿನದು, ಮುಂದೆ ಕಾಲರ್ ಬೋನ್, ಹಿಂದೆ ನೀವು ಹೇಳುವ ಅಗಲ ಮೂಳೆ, ಅಂದರೆ ಸ್ಕ್ಯಾಪುಲಾ. ಈ ಸ್ಕ್ಯಾಪುಲಾಗೂ ಪಕ್ಕೆಲುಬಿಗೂ ಕೀಲೇ ಇಲ್ಲ. ಸುಮಾರು 2ರಿಂದ 7ನೇ ಪಕ್ಕೆಲುಬಿನವರೆಗೆ, ಸ್ನಾಯುಗಳ ಹಿಡಿತದಲ್ಲಿ ಜಾರಾಡಿಕೊಂಡಿರುತ್ತದೆ. ಇಡೀ ಕೈ ಎದೆಗೂಡಿಗೆ ಮೂಳೆಯಿಂದ ಸೇರಿರುವುದು ಒಂದೇ ಕಡೆ, ಗಂಟಲ ಗುಳಿಯ ಪಕ್ಕ, ಕಾಲರ್ ಬೋನ್ ಎದೆಮೂಳೆಗೆ ಕೂಡುವಲ್ಲಿ. ಉಳಿದ ಭಾರವೆಲ್ಲ ಸ್ನಾಯುಗಳದ್ದೇ.

ತೋಳಿನ ಮೂಳೆಯ ತಲೆ ದೊಡ್ಡದು, ಅದು ಕೂರುವ ಗುಳಿ ಚಿಕ್ಕದು, ಆಳವೂ ಇಲ್ಲ. ಹಾಗಾಗಿ ಆ ಕೀಲು ಸಲೀಸಾಗಿ ತಿರುಗುತ್ತದೆ, ಆದರೂ ಅದೊಂದರಿಂದಲೇ ಕೈ 180 ಡಿಗ್ರಿ ಏರುವುದಿಲ್ಲ. ಸುಮಾರು 120 ಅದರ ಪಾಲು, ಸುಮಾರು 60 ಸ್ಕ್ಯಾಪುಲಾ ತಿರುಗುವುದರಿಂದ ಬರುತ್ತದೆ. ಮನೆಯವರಿಗೆ ಆ ಮೂಳೆಯ ಕೆಳತುದಿಯ ಮೇಲೆ ಹೆಬ್ಬೆರಳಿಡಲು ಹೇಳಿ, ಕೈ ನಿಧಾನಕ್ಕೆ ಎತ್ತಿ. ಮೊದಲು ಅಷ್ಟೇನೂ ಅಲುಗುವುದಿಲ್ಲ. ಆಮೇಲೆ ತುದಿ ಕಂಕುಳ ಕಡೆಗೆ ಓಡುತ್ತದೆ.

ಇನ್ನೊಂದು ಮಜಾ ಇದೆ. ಹೆಬ್ಬೆರಳು ನೆಲ ನೋಡುವಂತೆ ತಿರುಗಿಸಿಕೊಂಡು ಪಕ್ಕದಿಂದ ಕೈ ಎತ್ತಿ. ಭುಜದ ಮಟ್ಟ ಬರುತ್ತಿದ್ದಂತೆ ಬಿಗಿಯಾಗುತ್ತದೆ. ಅಂಗೈ ಮೇಲಕ್ಕೆ ತಿರುಗಿಸಿ, ಸಲೀಸಾಗಿ ಹೋಗುತ್ತದೆ ಅಲ್ವಾ? ತೋಳಿನ ಮೂಳೆಯ ಉಬ್ಬು, ಭುಜದ ಮೇಲ್ಚಾವಣಿಯಂತಿರುವ ಸ್ಕ್ಯಾಪುಲಾದ ತುದಿಗೆ ತಾಗದೆ ಹಿಂದಕ್ಕೆ ತಪ್ಪಿಸಿಕೊಂಡಿತು. ನೋವಿದ್ದವರು ಇದನ್ನು ಮಾಡಲು ಹೋಗಬೇಡಿ.

ಯೋಚಿಸಬೇಕಾದದ್ದು ಬೇರೆ. ಗೋಡೆಗೆ ಕೈ ಒತ್ತಿದಾಗ ಒಂದೇ ಕಡೆಯ ಸ್ಕ್ಯಾಪುಲಾ ಬೆನ್ನಿನಿಂದ ಎದ್ದು ನಿಂತರೆ, ಅದನ್ನು ಹಿಡಿದಿಡುವ ಸ್ನಾಯು ಅಥವಾ ನರದ ತೊಂದರೆ ಇರಬಹುದು. ಕೈ ಅರ್ಧಕ್ಕೇ ನಿಂತು, ಭುಜ ಕಿವಿ ಕಡೆ ಏರಿದರೆ ತೋಳಿನ ಕೀಲು ಬಿಗಿದಿರಬಹುದು. ಶುಗರ್ ಇರುವವರಲ್ಲಿ ಇದು ಜಾಸ್ತಿ. ಎರಡರಲ್ಲಿ ಯಾವುದು ಕಂಡರೂ ಮೂಳೆ ಡಾಕ್ಟರಿಗೆ ತೋರಿಸಿ, ಎಣ್ಣೆ ಹಚ್ಚಿ ಎಳೆಸಿಕೊಳ್ಳುವುದು ಬೇಡ.